ಕಾರವಾರದಿಂದ ಶಿರಸಿಗೆ ಸೈಕಲ್ ಮೇಲೆ: ಯಾವ ಘಟ್ಟ ಹತ್ತಬೇಕು?

ಕಾಳಿದಂಡೆ (ಕಾರವಾರ)

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು.

ಡಿಸೆಂಬರ್‌ನಲ್ಲಿ ಕಾರವಾರದಿಂದ ಶಿರಸಿಗೆ ಸೈಕಲ್ ಮೇಲೆ ಹೋಗಬೇಕು ಅಂತಿದ್ದೇನೆ. ಅಕ್ಕನ ಮನೆ ಅಲ್ಲೇ ಇದೆ, ಉಳಿಯುವ ಚಿಂತೆ ಇಲ್ಲ. ರೇಸ್ ಅಲ್ಲ, ದಾಖಲೆಯೂ ಅಲ್ಲ. ಹೋಗುವ ಆಸೆ ಅಷ್ಟೇ. ಬೆಳಿಗ್ಗೆ ಕಾಳಿ ಸೇತುವೆ ದಾಟಿ ಸದಾಶಿವಗಡ, ಮಾಜಾಳಿ ಕಡೆ ಹೋಗಿ ಬರುವ ಅಭ್ಯಾಸ ಇದೆ. ರಜೆ ಇದ್ದರೆ ಗೋವಾ ಗಡಿ ದಾಟಿ ಪೊಳೆಂವರೆಗೂ ಹೋಗುತ್ತೇನೆ. ಸಪಾಟು ರಸ್ತೆಯಲ್ಲಿ 60-70 ಕಿಲೋಮೀಟರ್ ಆರಾಮ. ಘಟ್ಟ ಮಾತ್ರ ಇನ್ನೂ ಹತ್ತಿಲ್ಲ.

ಸೈಕಲ್ ಹೈಬ್ರಿಡ್. ಟಯರ್ 700×35. ಮುಂದೆ ಮೂರು ಗೇರ್, ಹಿಂದೆ ಎಂಟು. ಡಿಸ್ಕ್ ಬ್ರೇಕ್ ಇದೆ.

ನನಗೆ ಗೊತ್ತಿರುವುದು ಮೂರು ದಾರಿ. ಕುಮಟಾ ಕಡೆಯಿಂದ ದೇವಿಮನೆ ಘಟ್ಟ. ಅಂಕೋಲೆಯಿಂದ ಅರಬೈಲ್ ಹತ್ತಿ ಯಲ್ಲಾಪುರ, ಅಲ್ಲಿಂದ ಶಿರಸಿ. ಮೂರನೆಯದು ಅಚವೆ ಮೇಲೆ ವಡ್ಡಿ ಘಟ್ಟ. ಸೈಕಲ್‌ಗೆ ಯಾವುದು ಒಳ್ಳೆಯದು? ಒಂದೇ ದಿನಕ್ಕೆ ಆಗುತ್ತದಾ, ಎರಡು ದಿನ ಬೇಕಾ? ಹೋಗಿ ಬಂದವರು ಹೇಳಿ.

ಘಟ್ಟದಮೇಲೆ (ಶಿರಸಿ)

ದೇವಿಮನೆ. ಎರಡನೇ ಮಾತೇ ಇಲ್ಲ.

ಕತಗಾಲ ದಾಟಿದ ಮೇಲೆ ಕಾಡು ಶುರು. ಬಿಸಿಲು ಬಂದರೂ ಅರ್ಧ ದಾರಿ ನೆರಳು. ಏರು ಒಂದೇ ಹದದಲ್ಲಿ ಹೋಗುತ್ತದೆ, ಉಸಿರು ಹಿಡಿದು ಹತ್ತಬಹುದು. ಮೇಲೆ ದೇವಿಯ ಗುಡಿಯ ಹತ್ತಿರ ಎಲ್ಲರೂ ಗಾಡಿ ನಿಲ್ಲಿಸುತ್ತಾರೆ, ನೀವೂ ನಿಲ್ಲಿ. ಆದರೆ ಒಂದು ಮಾತು. ಅಲ್ಲಿಗೆ ಘಟ್ಟ ಮುಗಿಯಿತು ಅಂತ ನೀರು ಖಾಲಿ ಮಾಡಬೇಡಿ. ರಾಗಿಹೊಸಳ್ಳಿ, ಬಂಡಲ, ಹನುಮಂತಿ ಅಂತ ಇನ್ನೂ ಏರಿಳಿತ ಇದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರ. ನೀವು ಹೊರಡುವುದು ಕಡಲ ದಂಡೆಯಿಂದ. ಆ ಎತ್ತರವನ್ನು ಎಲ್ಲಾದರೂ ಒಂದು ಕಡೆ ಹತ್ತಲೇಬೇಕು.

ಈ ರಸ್ತೆಯ ಅಗಲೀಕರಣಕ್ಕೆ ಅಂತ ಹಿಂದೆ ಸಂಚಾರ ನಿಲ್ಲಿಸಿದ್ದಿದೆ. ಹೊರಡುವ ವಾರ ವಿಚಾರಿಸಿಕೊಳ್ಳಿ.

ಯಲ್ಲಾಪುರದ ಭಟ್ಟ

ಎರಡನೇ ಮಾತು ಇದೆ ಸ್ವಾಮಿ! ಅರಬೈಲ್ ಯಾಕೆ ಬೇಡ? ರಸ್ತೆ ಅಗಲ. ತಿರುವುಗಳಲ್ಲಿ ಜಾಗ ಇದೆ. ಅಂಕೋಲೆಗೇ ಹೆದ್ದಾರಿ 66 ಬಿಟ್ಟುಬಿಡಬಹುದು. ಯಲ್ಲಾಪುರದಲ್ಲಿ ಊಟ ಮಾಡಿ, ಉಳಿದು, ಮರುದಿನ ಶಿರಸಿ. ಆ ಎರಡನೇ ದಿನದ ರಸ್ತೆ ನೋಡಿದ್ದೀರಾ? ಅಡಿಕೆ ತೋಟ, ಬೆಟ್ಟ, ಶಾಲ್ಮಲಾ ಹೊಳೆ. ದಾರಿಯಲ್ಲಿ ಸಹಸ್ರಲಿಂಗ. ಚಳಿಗಾಲದಲ್ಲಿ ನೀರು ಇಳಿದಿರುತ್ತದೆ, ಬಂಡೆ ಮೇಲಿನ ಲಿಂಗಗಳು ಚೆನ್ನಾಗಿ ಕಾಣುತ್ತವೆ.

ಘಟ್ಟದಮೇಲೆ (ಶಿರಸಿ)

ಭಟ್ರೇ, ಯಲ್ಲಾಪುರ-ಶಿರಸಿ ರಸ್ತೆ ಚಂದ, ಒಪ್ಪಿದೆ. ಅರಬೈಲ್‌ನ ಲಾರಿ ಲೆಕ್ಕಕ್ಕೆ ಇಲ್ವಾ? ಹುಬ್ಬಳ್ಳಿ ಮತ್ತು ಕರಾವಳಿ ನಡುವಿನ ಭಾರಿ ವಾಹನ ಎಲ್ಲ ಹೆದ್ದಾರಿ 52ರ ಮೇಲೇ. ಏರಿನಲ್ಲಿ ಒಂದು ಲಾರಿ ಮೊದಲ ಗೇರಿನಲ್ಲಿ ಹೊಗೆ ಬಿಡುತ್ತಾ ಹತ್ತುತ್ತಿರುತ್ತದೆ. ಹಿಂದಿನವನಿಗೆ ತಾಳ್ಮೆ ಇಲ್ಲ, ಓವರ್‌ಟೇಕ್ ಮಾಡುತ್ತಾನೆ. ಸೈಕಲ್ಲಿನವನು ಎಲ್ಲಿ ಹೋಗಬೇಕು? ಚರಂಡಿಗಾ?

ಯಲ್ಲಾಪುರದ ಭಟ್ಟ

ಏರಿನಲ್ಲಿ ಲಾರಿಗಳ ವೇಗ ಕಡಿಮೆ. ನಿಧಾನದ ಲಾರಿಗಿಂತ ನನಗೆ ಹೆದರಿಕೆ ದೇವಿಮನೆಯ ತಿರುವಿನಲ್ಲಿ ಹಾರಿ ಬರುವ ಕಾರಿನದು. ಶನಿವಾರ ಭಾನುವಾರ ಗೋಕರ್ಣಕ್ಕೆ ಇಳಿಯುವ ಕಾರುಗಳನ್ನು ನೀವೇ ನೋಡಿದ್ದೀರಿ.

ಘಟ್ಟದಮೇಲೆ (ಶಿರಸಿ)

ಅದು ನಿಜ. ಹಾಗಾದರೆ ಮಂಗಳವಾರ ಬುಧವಾರ ಹತ್ತಲಿ. ವಾರದ ನಡುವೆ ದೇವಿಮನೆ ಬೇರೆಯೇ ರಸ್ತೆ.

ಕರಿಈಶಾಡು (ಅಂಕೋಲಾ)

ನೀವಿಬ್ಬರೂ ಘಟ್ಟಕ್ಕೆ ಜಗಳ ಆಡುತ್ತಿದ್ದೀರಿ. ಕೇಳಿದವರು ಘಟ್ಟದ ಬುಡಕ್ಕೆ ಮುಟ್ಟುವುದು ಹೇಗೆ ಅಂತ ಯಾರೂ ಹೇಳಲಿಲ್ಲ.

ಕಾರವಾರದಿಂದ ಕುಮಟಾ 70 ಕಿಲೋಮೀಟರ್ ಆಸುಪಾಸು. ಅಷ್ಟೂ ಹೆದ್ದಾರಿ 66. ನನ್ನ ಪ್ರಕಾರ ಈ ಇಡೀ ಪ್ರಯಾಣದ ಕಷ್ಟದ ಭಾಗ ಅದೇ, ಘಟ್ಟ ಅಲ್ಲ. ಘಟ್ಟದಲ್ಲಿ ಕಾಲು ನೋಯುತ್ತದೆ, ಇಳಿದು ನಡೆದರೆ ಆಯಿತು. ಹೆದ್ದಾರಿಯಲ್ಲಿ ಇಳಿದು ನಡೆದರೂ ಅಪಾಯ ತಪ್ಪುವುದಿಲ್ಲ.

ನಾಲ್ಕು ಪಥ ಆದ ಮೇಲೆ ರಸ್ತೆ ನುಣುಪಾಯಿತು, ವೇಗ ಜಾಸ್ತಿಯಾಯಿತು. ಎಡಬದಿಗೆ ಬಿಳಿ ಗೆರೆಯ ಆಚೆ ಡಾಂಬರಿನ ಪಟ್ಟಿ ಇದೆ, ಅದು ಸೈಕಲ್ಲಿಗೆ ಒಳ್ಳೆಯದೇ. ಆದರೆ ಸೇತುವೆ ಬಂದ ಕೂಡಲೇ ಆ ಪಟ್ಟಿ ಮಾಯ. ನೀವು ತಟ್ಟನೆ ಲಾರಿಯ ದಾರಿಯೊಳಗೆ. ಹಾಗಾಗಿ ಸೇತುವೆ ಕಂಡರೆ ಮೊದಲೇ ಹಿಂದೆ ತಿರುಗಿ ನೋಡಿ, ಕೈ ತೋರಿಸಿ, ನಿಧಾನವಾಗಿ ಬಲಕ್ಕೆ ಬನ್ನಿ. ಕೊನೇ ಗಳಿಗೆಯಲ್ಲಿ ನುಗ್ಗಬೇಡಿ. ಎದುರಿನಿಂದ ತಪ್ಪು ಬದಿಯಲ್ಲಿ ಬೈಕ್ ಬರುತ್ತಲೇ ಇರುತ್ತವೆ. ದೂರದ ತಿರುವಿಗೆ ಹೋಗಲು ಮನಸ್ಸಿಲ್ಲದವರು. ಅವರಿಗೆ ನೀವು ಕಾಣಬೇಕು, ಅದಕ್ಕೆ ಹಗಲಲ್ಲೂ ಮುಂದಿನ ದೀಪ ಮಿನುಗುತ್ತಿರಲಿ.

ಚೈನುಗ್ರೀಸು (ಹೊನ್ನಾವರ)

ಹಿಂದಿನ ಕೆಂಪು ದೀಪವನ್ನೂ ಸೇರಿಸಿ. ಬಟ್ಟೆ ಕಪ್ಪು ಬೇಡ.

ಕೋಡಿಬಾಗದವಳು

ಕಾಳಿದಂಡೆ ಅಣ್ಣ, ಕಾರವಾರ ಬಿಡುವಾಗ ಸುರಂಗದೊಳಗೆ ಹೋಗಬೇಡಿ. ಒಳಗೆ ಸದ್ದು ಗುಂಯ್‌ಗುಡುತ್ತದೆ, ಹಿಂದೆ ಬರುವ ಗಾಡಿ ಎಷ್ಟು ಹತ್ತಿರ ಅಂತ ಗೊತ್ತೇ ಆಗುವುದಿಲ್ಲ. ಬೈತಖೋಲ ಕಡೆಯಿಂದ ಬಿಣಗಾಕ್ಕೆ ಹಳೆಯ ರಸ್ತೆ ಹಿಡಿಯಿರಿ. ಒಂದು ಸಣ್ಣ ಏರು, ಆದರೆ ಬಲಕ್ಕೆ ಕಡಲು. ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಿ. ಘಟ್ಟಕ್ಕೆ ಕಾಲು ಬಿಸಿ ಮಾಡಲೂ ಅದೇ ಒಳ್ಳೆಯ ಜಾಗ. ವಾರಕ್ಕೆ ಮೂರ್ನಾಲ್ಕು ದಿನ ಅದನ್ನೇ ಎರಡೆರಡು ಸಲ ಹತ್ತಿ.

ಕಾಳಿದಂಡೆ (ಕಾರವಾರ)

ಥ್ಯಾಂಕ್ಸ್ ಅಕ್ಕ. ಬಿಣಗಾ ಏರಿನ ಅಭ್ಯಾಸ ನಾಳೆಯಿಂದಲೇ.

ಕರಿಈಶಾಡು ಹೇಳಿದ್ದು ನನ್ನ ಮನಸ್ಸಿನಲ್ಲೂ ಇರುವ ಭಯ. ಅಂಕೋಲೆ ದಾಟಿದ ಮೇಲೆ ಶಿರೂರು ಬೇರೆ ಬರುತ್ತದೆ. 2024ರ ಜುಲೈ 16ರ ಗುಡ್ಡ ಕುಸಿತದ ನಂತರ ಆ ಜಾಗದಲ್ಲಿ ಬಸ್ಸಿನಲ್ಲಿ ಕೂತಿದ್ದರೂ ಮೈ ಬಿಗಿಯಾಗುತ್ತದೆ.

ಕರಿಈಶಾಡು (ಅಂಕೋಲಾ)

ನಮಗೂ ಹಾಗೇ. ಗಂಗಾವಳಿ ದಂಡೆಯಲ್ಲಿ ಚಹಾ ಕುಡಿಯಲು ನಿಂತವರು ಹೋದರು. ಅದೇ ವರ್ಷ ಆಗಸ್ಟ್‌ನಲ್ಲಿ ನಿಮ್ಮ ಹಳೆಯ ಕಾಳಿ ಸೇತುವೆ ಬಿತ್ತು. ಡಿಸೆಂಬರ್‌ನಲ್ಲಿ ಮಣ್ಣು ಒಣಗಿರುತ್ತದೆ, ಅಷ್ಟು ಹೆದರಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಕಡಿದ ಗುಡ್ಡದ ಕೆಳಗೆ ಸೈಕಲ್ ನಿಲ್ಲಿಸಬಾರದು, ನೀರು ಕುಡಿಯಲೂ ಕೂಡ. ನೇರ ಕಡಿದ ಗೋಡೆ, ಮೇಲೆ ಜಂಬಿಟ್ಟಿಗೆ ಮಣ್ಣು, ದಿನಗಟ್ಟಲೆ ಮಳೆ. ಮಣ್ಣು ನೀರು ಕುಡಿದು ಭಾರ ಆಗುತ್ತದೆ, ಹಿಡಿತ ಬಿಡುತ್ತದೆ. ರಸ್ತೆ ಮೇಲೆ ಕೆಂಪು ನೀರು, ಸಣ್ಣ ಕಲ್ಲು ಕಂಡರೆ ವಾಪಸ್ ತಿರುಗಬೇಕು.

ತದಡಿಧಕ್ಕೆ (ಗೋಕರ್ಣ)

ಹೆದ್ದಾರಿಯ ಒಂದು ತುಂಡನ್ನು ಪೂರ್ತಿ ತಪ್ಪಿಸಬಹುದು. ಯಾರೂ ಹೇಳಿಲ್ಲ ಅಂತ ಬರೆಯುತ್ತಿದ್ದೇನೆ.

ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಗೋಕರ್ಣಕ್ಕೆ ಬನ್ನಿ. ರಾತ್ರಿ ಉಳಿಯಿರಿ. ಬೆಳಿಗ್ಗೆ ತದಡಿಗೆ ಬಂದು ದೋಣಿ ಹತ್ತಿ. ಆಚೆ ದಂಡೆ ಅಘನಾಶಿನಿ ಊರು. ಅಲ್ಲಿಂದ ಕಾಗಾಲ, ಬಾಡ, ಕುಮಟಾ. ಚಿಕ್ಕ ರಸ್ತೆ, ಮನೆ ಅಂಗಳಗಳ ಪಕ್ಕದಲ್ಲೇ ಹೋಗುತ್ತದೆ. ಅಳಿವೆಯ ಇಳಿತದ ಹೊತ್ತಾದರೆ ಜನ ಸೊಂಟದ ನೀರಿನಲ್ಲಿ ನಿಂತು ಬಳಚು, ಅಂದರೆ ತಿನ್ನುವ ಚಿಪ್ಪು, ಹೆಕ್ಕುತ್ತಿರುತ್ತಾರೆ. ಗಜನಿ ಗದ್ದೆಯ ಕಗ್ಗ ಭತ್ತ ಬೆಳೆಯುವ ಸೀಮೆ ಇದು, ಉಪ್ಪು ನೀರು ತಡೆಯುವ ಭತ್ತ. ಇದನ್ನೆಲ್ಲ ಬಿಟ್ಟು ಲಾರಿಯ ಹಿಂದೆ ಯಾಕೆ ಹೋಗುತ್ತೀರಿ?

ಕಾಳಿದಂಡೆ (ಕಾರವಾರ)

ದೋಣಿಯಲ್ಲಿ ಸೈಕಲ್ ಬಿಡುತ್ತಾರಾ?

ತದಡಿಧಕ್ಕೆ (ಗೋಕರ್ಣ)

ಬಿಡುತ್ತಾರೆ. ಅಡ್ಡ ಮಲಗಿಸುವಾಗ ಚೈನ್ ಇರುವ ಬದಿ ಮೇಲೆ ಬರಲಿ, ಇಲ್ಲದಿದ್ದರೆ ಹಿಂದಿನ ಗೇರಿನ ಕೊಂಡಿ ಬಾಗುತ್ತದೆ. ಹೊರಡುವ ಹೊತ್ತು ಮಾತ್ರ ಹಿಂದಿನ ದಿನವೇ ಕೇಳಿಕೊಳ್ಳಿ.

ಹಳೇಅಟ್ಲಾಸ್ (ಕುಮಟಾ)

ಇದನ್ನೆಲ್ಲ ಓದಿ ಸಂತೋಷ ಆಯಿತು. ನಮ್ಮ ಕಾಲದಲ್ಲಿ ಸೈಕಲ್ ಅಂದರೆ ಹವ್ಯಾಸ ಅಲ್ಲ, ಗಾಡಿ. ಗಂಟೆ ಲೆಕ್ಕದಲ್ಲಿ ಬಾಡಿಗೆ ತಂದು ಒಳಪೆಡಲ್ ಹೊಡೆದು ಕಲಿತವರು ನಾವು. ಪಂಚಾಯಿತಿಗೆ ತೆರಿಗೆ ಕಟ್ಟಿ ಬಿಲ್ಲೆ ತಂದು ಸೈಕಲ್ಲಿಗೆ ಕಟ್ಟಬೇಕಿತ್ತು. ರಾತ್ರಿ ಡೈನಮೊ ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಿದ್ದರು.

ಶಿರಸಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆಗ ನಮ್ಮ ಕಡೆಯಿಂದ ಹುಡುಗರು ಸೈಕಲ್ ಮೇಲೆ ಹೊರಡುತ್ತಿದ್ದರು. ಗೇರ್ ಎಲ್ಲಿಂದ ಬರಬೇಕು? ಘಟ್ಟದ ಬುಡದವರೆಗೆ ಹೊಡೆಯುವುದು, ಆಮೇಲೆ ತಳ್ಳುವುದು. ಯಾರಿಗೂ ನಾಚಿಕೆ ಇರಲಿಲ್ಲ. ಇಳಿಯುವಾಗ ಕ್ಯಾರಿಯರ್‌ಗೆ ಮರದ ಟೊಂಗೆ ಕಟ್ಟಿ ರಸ್ತೆ ಮೇಲೆ ಎಳೆದುಕೊಂಡು ಬರುತ್ತಿದ್ದರು. ಬ್ರೇಕ್ ರಬ್ಬರ್ ನಂಬುವ ಹಾಗೆ ಇರಲಿಲ್ಲ.

ತಮ್ಮ, ನಿನಗೆ ಹೇಳುವುದು ಇಷ್ಟೇ. ಏದುಸಿರು ಬಂದರೆ ಇಳಿದು ತಳ್ಳು. ಶಿರಸಿ ಎಲ್ಲೂ ಹೋಗುವುದಿಲ್ಲ.

ಚೈನುಗ್ರೀಸು (ಹೊನ್ನಾವರ)

ಹಿರಿಯರು ಹೇಳಿದ ಟೊಂಗೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಏಕೆಂದರೆ ಎಲ್ಲರೂ ಹತ್ತುವುದನ್ನು ಕೇಳುತ್ತಾರೆ, ಇಳಿಯುವುದನ್ನು ಯಾರೂ ಕೇಳುವುದಿಲ್ಲ. ವಾಪಸ್ ಬರುವಾಗ ಇಳಿಯಲೇಬೇಕಲ್ವಾ?

ಬ್ರೇಕನ್ನು ಇಡೀ ಇಳಿಜಾರು ಒತ್ತಿ ಹಿಡಿದುಕೊಂಡೇ ಬರಬೇಡಿ. ಬಿಸಿ ಕೂಡುತ್ತದೆ. ಡಿಸ್ಕ್ ಆದರೆ ಪ್ಯಾಡ್ ಹಿಡಿತ ಕಳೆದುಕೊಳ್ಳುತ್ತದೆ. ರಿಮ್ ಬ್ರೇಕ್ ಆದರೆ ರಿಮ್ ಕಾದು ಟ್ಯೂಬ್ ಒಡೆಯುವುದೂ ಉಂಟು. ತಿರುವಿಗೆ ಮುಂಚೆ ನೇರ ರಸ್ತೆಯಲ್ಲೇ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಆಮೇಲೆ ಬಿಡಿ. ತಿರುವಿನಲ್ಲಿ ಬ್ರೇಕ್ ಮುಟ್ಟದೆ ಹೋಗುವಷ್ಟು ನಿಧಾನ ಇರಲಿ. ಎರಡೂ ಬ್ರೇಕ್ ಬಳಸಿ, ಹಿಂದಿನದು ಒಂದೇ ಸಾಲದು. ಕೈ ಸೋತರೆ ನಿಲ್ಲಿಸಿ. ಬಿಸಿ ಡಿಸ್ಕನ್ನು ಮಾತ್ರ ಬೆರಳಿಂದ ಮುಟ್ಟಿ ನೋಡಬೇಡಿ, ಚರ್ಮ ಸುಡುತ್ತದೆ.

ಹತ್ತುವುದಕ್ಕೆ ನಿಮ್ಮ ಗೇರ್ ಸಾಕು. ಮುಂದಿನ ಸಣ್ಣ ಚಕ್ರದ ಹಲ್ಲು ಎಣಿಸಿ. ಇಂಥ ಸೈಕಲ್ಲಿನಲ್ಲಿ ಸಾಮಾನ್ಯವಾಗಿ 28 ಇರುತ್ತದೆ. ಹಿಂದಿನ ದೊಡ್ಡದು 32 ಅಥವಾ 34. ಅಂದರೆ ಪೆಡಲ್ ಒಂದು ಸುತ್ತು ಬಂದರೆ ಚಕ್ರ ಒಂದು ಸುತ್ತೂ ಪೂರ್ತಿ ಬರುವುದಿಲ್ಲ. ಅದಕ್ಕಿಂತ ಹಗುರ ಏನು ಬೇಕು? ಏರು ಶುರುವಾಗುವ ಮುಂಚೆಯೇ ಸಣ್ಣ ಗೇರಿಗೆ ಬನ್ನಿ. ಪೂರ್ತಿ ತುಳಿತದ ಮೇಲೆ ಗೇರ್ ಬದಲಿಸಿದರೆ ಚೈನ್ ಕಳಚುತ್ತದೆ.

ಈಗ ಕಾರವಾರದವರ ಎಲ್ಲ ಸೈಕಲ್ಲಿನ ರೋಗ: ಉಪ್ಪು. ಸೀಟಿನ ಕಂಬವನ್ನು ಕೊನೆಯ ಸಲ ಯಾವಾಗ ಹೊರಗೆ ತೆಗೆದಿದ್ದೀರಿ?

ಕಾಳಿದಂಡೆ (ಕಾರವಾರ)

ತೆಗೆದೇ ಇಲ್ಲ. ತೆಗೆಯಬೇಕಾ?

ಚೈನುಗ್ರೀಸು (ಹೊನ್ನಾವರ)

ಇವತ್ತೇ ತೆಗೆಯಿರಿ. ಸ್ಟೀಲ್ ಚೌಕಟ್ಟಿನೊಳಗೆ ಅಲ್ಯೂಮಿನಿಯಂ ಕಂಬ ಇದ್ದರೆ, ನಡುವೆ ಉಪ್ಪಿನ ತೇವ ಸೇರಿದರೆ, ಎರಡು ಲೋಹಗಳ ನಡುವೆ ಸಣ್ಣ ವಿದ್ಯುತ್ ಹರಿದು ಅಲ್ಯೂಮಿನಿಯಂ ತಿಂದುಹೋಗುತ್ತದೆ. ಬಿಳಿ ಪುಡಿ ಕಟ್ಟಿ ಬೆಸುಗೆ ಹಾಕಿದ ಹಾಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಗರಗಸ ಹಿಡಿಯುವುದೊಂದೇ ದಾರಿ. ಅಲ್ಯೂಮಿನಿಯಂ ಚೌಕಟ್ಟಾದರೂ ಕಚ್ಚುತ್ತದೆ, ಸ್ವಲ್ಪ ನಿಧಾನ ಅಷ್ಟೇ. ಒರೆಸಿ, ಗ್ರೀಸ್ ಹಚ್ಚಿ, ಹಿಂದಿನ ಎತ್ತರಕ್ಕೇ ಕೂರಿಸಿ. ಕೆಲವು ತಿಂಗಳಿಗೊಮ್ಮೆ ಮಾಡುತ್ತಿರಿ. ಪೆಡಲ್ ತಿರುಪಿನ ಮರೆಗಳಿಗೂ ಗ್ರೀಸ್ ಬೇಕು.

ಚೈನ್‌ಗೆ ಎಣ್ಣೆ ಸುರಿಯುವುದು ಮದ್ದಲ್ಲ. ಮೊದಲು ಒರೆಸಬೇಕು. ಕೊಂಡಿ ಕೊಂಡಿಗೆ ಒಂದೊಂದು ಹನಿ, ಪೆಡಲ್ ಹಿಂದಕ್ಕೆ ತಿರುಗಿಸುತ್ತಾ. ಆಮೇಲೆ ಹೊರಗಿನದನ್ನು ಪೂರ್ತಿ ಒರೆಸಿ. ಹೊರಗೆ ಉಳಿದ ಎಣ್ಣೆ ಮರಳನ್ನು ಹಿಡಿಯುತ್ತದೆ, ಮರಳು ಚೈನನ್ನು ಸವೆಸುತ್ತದೆ. ಸ್ಪ್ರೇ ಆದರೆ ಡಿಸ್ಕ್ ಮೇಲೆ ಹಾರದ ಹಾಗೆ ನೋಡಿ. ಒಂದು ಹನಿ ಬಿದ್ದರೂ ಪ್ಯಾಡ್ ಕೆಟ್ಟಿತು.

ಅಲೆಯಂಚು (ಕಾರವಾರ)

ಟಾಗೋರ್ ಕಡಲತೀರದಲ್ಲಿ ಒದ್ದೆ ಮರಳಿನ ಮೇಲೆ ಹೊಡೆದರೆ ಘಟ್ಟಕ್ಕೆ ಒಳ್ಳೆಯ ಅಭ್ಯಾಸ ಅಲ್ವಾ? ಬಲ ಬರುತ್ತದೆ.

ಚೈನುಗ್ರೀಸು (ಹೊನ್ನಾವರ)

ಬೇಡ! ಕಾಲಿಗೆ ಬಲ ಬರಬಹುದು, ಬೇರಿಂಗ್ ಸಾಯುತ್ತದೆ. ಉಪ್ಪು ನೀರು ಮತ್ತು ಮರಳು ಎರಡೂ ಒಟ್ಟಿಗೆ ಚಕ್ರದ ನಡುವಿನ ಹಬ್ ಒಳಗೆ ಹೋಗುತ್ತವೆ.

ಅಲೆಯಂಚು (ಕಾರವಾರ)

ಮನೆಗೆ ಬಂದು ಸಿಹಿ ನೀರಿನಲ್ಲಿ ತೊಳೆದರೆ?

ಚೈನುಗ್ರೀಸು (ಹೊನ್ನಾವರ)

ತೊಳೆಯದೆ ಇರುವುದಕ್ಕಿಂತ ಮೇಲು. ಆದರೆ ಗಾಡಿ ತೊಳೆಯುವ ಜೋರು ಪೈಪ್ ಹಿಡಿಯಬೇಡಿ, ನೀರು ಸೀಲ್ ದಾಟಿ ಒಳಗೆ ಹೋಗುತ್ತದೆ. ತಂಬಿಗೆಯಲ್ಲಿ ಹೊಯ್ಯಿರಿ, ಒಣ ಬಟ್ಟೆಯಲ್ಲಿ ಒರೆಸಿ. ಸೈಕಲ್ಲನ್ನು ಕಡಲಿಗೆ ಮುಖ ಮಾಡಿದ ಜಗಲಿಯಲ್ಲಿ ಇಡಬೇಡಿ, ಒಳಗೆ ಇಡಿ.

ಕೋಡಿಬಾಗದವಳು

ಇಲ್ಲಿ ಎಲ್ಲರೂ ರಸ್ತೆ, ಗೇರ್ ಅಂತ ಮಾತಾಡುತ್ತಿದ್ದೀರಿ. ಹೆಂಗಸರು ಸೈಕಲ್ ಹೊಡೆಯುವಾಗಿನ ಮಾತೂ ಸ್ವಲ್ಪ ಆಗಲಿ.

ನಾನು ಬೆಳಿಗ್ಗೆ ಒಬ್ಬಳೇ ಹೊರಡುತ್ತೇನೆ. ಮೊದಲಿಗೆ "ಬಸ್ ತಪ್ಪಿತಾ?" ಅಂತ ಕೇಳುತ್ತಿದ್ದರು. ಈಗ ಮೀನು ಮಾರುವ ಅಕ್ಕಂದಿರು ದೂರದಿಂದಲೇ ಕೈ ಬೀಸುತ್ತಾರೆ. ಅದು ಸಂತೋಷದ ಮಾತು. ಸಂತೋಷ ಅಲ್ಲದ್ದೂ ಇದೆ. ಬೈಕಿನ ಹುಡುಗರು ಪಕ್ಕದಲ್ಲೇ ನಿಧಾನ ಮಾಡಿಕೊಂಡು ಬರುತ್ತಾರೆ, ಫೋನ್ ಹಿಡಿದು ಚಿತ್ರ ತೆಗೆಯುತ್ತಾರೆ. ಹಾಗಾದರೆ ನಾನು ಹತ್ತಿರದ ಅಂಗಡಿಗೆ ತಿರುಗಿ ನಿಲ್ಲುತ್ತೇನೆ, ಗಾಡಿ ನಂಬರ್ ಜೋರಾಗಿ ಓದುತ್ತೇನೆ. 112ಕ್ಕೆ ಕರೆ ಮಾಡಲು ಹಿಂಜರಿಯಬಾರದು. ಇನ್ನು ಉದ್ದ ದಾರಿಯಲ್ಲಿ ಶೌಚಾಲಯದ ಕಷ್ಟ. ಪೆಟ್ರೋಲ್ ಬಂಕ್ ನೋಡಿಕೊಂಡು ನಿಲ್ಲಿಸುವ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಘಟ್ಟದಲ್ಲಿ ಅದೂ ಇಲ್ಲ. ಅದಕ್ಕೇ ಎಷ್ಟೋ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಸೆಖೆಯಲ್ಲಿ ಅದು ಅಪಾಯ. ಗುಂಪು ಕಟ್ಟಿಕೊಂಡು ಹೋಗುವ ಗಂಡಸರು ಇದನ್ನು ಯೋಚಿಸಿ ನಿಲುಗಡೆ ಇಡಬೇಕು.

ನಾಯಿ ಅಟ್ಟಿಸಿದರೆ ವೇಗ ಹೆಚ್ಚಿಸಬೇಡಿ. ನಿಲ್ಲಿಸಿ, ಇಳಿದು, ಸೈಕಲ್ಲನ್ನು ನಡುವೆ ಇಟ್ಟು ಗಟ್ಟಿ ದನಿಯಲ್ಲಿ ಗದರಿಸಿ. ಓಡುವ ಕಾಲು ನಿಂತರೆ ಬಹಳಷ್ಟು ನಾಯಿಗಳು ಸುಮ್ಮನಾಗುತ್ತವೆ.

ಘಟ್ಟದಮೇಲೆ (ಶಿರಸಿ)

ಅಕ್ಕ ಹೇಳಿದ ನಿಲುಗಡೆಯ ಮಾತು ನಮ್ಮ ಭಾನುವಾರದ ಗುಂಪಿಗೆ ಹಾಗೇ ಕಳಿಸಿದೆ. ನಾವು ಸೋಂದಾ, ಬನವಾಸಿ ಕಡೆ ಹೋಗುತ್ತೇವೆ. ಬನವಾಸಿಗೆ ಹೋಗಿ ಬರುವುದು 50 ಕಿಲೋಮೀಟರ್ ಒಳಗೆ. ನೀವು ಶಿರಸಿಗೆ ಬಂದಾಗ ಸೇರಿಕೊಳ್ಳಿ.

ಮೋಟಾರು (ಭಟ್ಕಳ)

ಇಷ್ಟೆಲ್ಲ ಕಷ್ಟ ಯಾಕೆ? ಬ್ಯಾಟರಿ ಸೈಕಲ್ ತೆಗೆದುಕೊಳ್ಳಿ, ಘಟ್ಟ ತಾನೇ ಹತ್ತುತ್ತದೆ.

ಯಲ್ಲಾಪುರದ ಭಟ್ಟ

ಕೇಳಿದ್ದು ಅದಲ್ಲವಲ್ಲ ಮಾರಾಯ್ರೇ.

ಹಳೇಅಟ್ಲಾಸ್ (ಕುಮಟಾ)

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಮೊಣಕಾಲು ನೋವಿನ ನಮ್ಮಂಥವರಿಗೆ ಅದು ಒಳ್ಳೆಯದೇ. ಸೈಕಲ್ ಬಿಟ್ಟು ಮನೆಯಲ್ಲಿ ಕೂರುವುದಕ್ಕಿಂತ ಬ್ಯಾಟರಿ ಮೇಲು. ಈ ತಮ್ಮನಿಗೆ ಬೇಡ ಅಷ್ಟೇ.

ಸಿದ್ದಾಪುರದಿಂದ

ದೊಡ್ಮನೆ ಘಟ್ಟವನ್ನು ಎಲ್ಲರೂ ಮರೆತಿರಿ. ಕುಮಟಾದಿಂದ ಸಂತೇಗುಳಿ ಮೇಲೆ ಸಿದ್ದಾಪುರಕ್ಕೆ ಬರುವ ದಾರಿ. ಕಿರಿದು, ಆದರೆ ವಾಹನ ಕಡಿಮೆ. ದಟ್ಟ ಕಾಡು. ಅಘನಾಶಿನಿ ಕಣಿವೆಯ ಈ ಸೀಮೆ ಸಿಂಗಳೀಕಗಳ ಜಾಗ. ಮಂಗಟ್ಟೆ ಹಾರಿದರೆ ರೆಕ್ಕೆ ಸದ್ದು ಕೇಳುತ್ತದೆ. ಕಾರಿನಲ್ಲಿ ಕೂತವರಿಗೆ ಅದು ಯಾವತ್ತೂ ಕೇಳುವುದಿಲ್ಲ.

ಒಂದು ಎಚ್ಚರಿಕೆ. ದಣಿವಾಯಿತು ಅಂತ ಕಾಡಿನ ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ನಮ್ಮ ತಾಲೂಕು ಅದರಿಂದ ತುಂಬ ನೋವು ಉಂಡಿದೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಹರಡುವುದು ಉಣುಗಿನಿಂದ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಉಣುಗು ಹತ್ತದ ಹಾಗೆ ಹಚ್ಚುವ ಡೇಪಾ ಎಣ್ಣೆ ಕಾಲಿಗೆ ಹಚ್ಚಿಕೊಳ್ಳಿ. ಕೂರಬೇಕಾದರೆ ರಸ್ತೆ ಬದಿಯ ಮೋರಿ ಕಟ್ಟೆಯ ಮೇಲೆ ಕೂರಿ. ಮನೆಗೆ ಹೋಗಿ ಬಿಸಿ ನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಲು ಹಾಕಿ. ಆಮೇಲೆ ಜ್ವರ, ಮೈಕೈ ನೋವು ಬಂದರೆ ಕಾಡಿನಲ್ಲಿ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಕಾಳಿದಂಡೆ (ಕಾರವಾರ)

ಇದು ನನಗೆ ಹೊಳೆದೇ ಇರಲಿಲ್ಲ. ತುಂಬ ಉಪಕಾರ.

ವಡ್ಡಿ ಘಟ್ಟದ ಬಗ್ಗೆ ಯಾರಾದರೂ?

ಕರಿಈಶಾಡು (ಅಂಕೋಲಾ)

ಚಂದ ಇದೆ, ಆದರೆ ಮೊದಲ ಘಟ್ಟಕ್ಕೆ ಬೇಡ. ಕಡಿದಾದ ತಿರುವು, ಕಿರಿದು ರಸ್ತೆ, ಫೋನ್ ಸಿಗದ ಜಾಗ. ಚೈನ್ ತುಂಡಾದರೆ ಗಂಟೆಗಟ್ಟಲೆ ಕಾಯಬೇಕು. ದೇವಿಮನೆ ಹತ್ತಿದ ಮೇಲೆ ಇನ್ನೊಂದು ವರ್ಷ ಇಬ್ಬರು ಮೂವರು ಸೇರಿ ಹೋಗಿ.

ಅಲೆಯಂಚು (ಕಾರವಾರ)

ತಿನ್ನಲು ಏನು ಒಯ್ಯಬೇಕು? ಜೆಲ್ ಪ್ಯಾಕೆಟ್ ತರಿಸಬೇಕಾ?

ಚೈನುಗ್ರೀಸು (ಹೊನ್ನಾವರ)

ಬೇಕಿಲ್ಲ. ದೀರ್ಘ ಹೊಡೆತದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ-ಪಿಷ್ಟ ದೇಹಕ್ಕೆ ಹೋಗಬೇಕು. ಒಂದು ಬಾಳೆಹಣ್ಣಿನಲ್ಲೇ 25 ಗ್ರಾಂ ಹತ್ತಿರ ಇರುತ್ತದೆ. ಬೆಲ್ಲ, ಅವಲಕ್ಕಿ, ಕುಮಟಾದ ಬನ್ಸ್. ಹಸಿವಾಗುವ ಮುಂಚೆ ತಿನ್ನಬೇಕು, ಅದೇ ಗುಟ್ಟು.

ಘಟ್ಟದಮೇಲೆ (ಶಿರಸಿ)

ಏರಿಗೆ ಮುಂಚೆ ಬನ್ಸ್ ಬೇಡ. ಎಣ್ಣೆಯಲ್ಲಿ ಕರಿದದ್ದು ಹೊಟ್ಟೆಯಲ್ಲಿ ಭಾರ ಕೂರುತ್ತದೆ.

ತದಡಿಧಕ್ಕೆ (ಗೋಕರ್ಣ)

ಬನ್ಸಿಗೆ ಬೇಡ ಅನ್ನುವವರನ್ನು ಇವತ್ತೇ ನೋಡಿದ್ದು. ಏರು ಶುರುವಾಗಲು ಇನ್ನೂ ಎಷ್ಟೋ ದೂರ ಇರುವಾಗ ಒಂದು ತಿಂದರೆ ಏನೂ ಆಗುವುದಿಲ್ಲ.

ಘಟ್ಟದಮೇಲೆ (ಶಿರಸಿ)

ಒಂದು ಆದರೆ ಸರಿ. ಬನ್ಸು ಯಾರೂ ಒಂದಕ್ಕೆ ನಿಲ್ಲಿಸುವುದಿಲ್ಲ. ಕುಡಿಯುವುದಕ್ಕೆ ಮುರುಗಲ (ಕೋಕಂ) ಪಾನಕ ಒಯ್ಯಿರಿ. ಬೆಲ್ಲ ಇದೆ, ಒಂದು ಚಿಟಿಕೆ ಉಪ್ಪು ಸೇರಿಸಿ. ಕರಾವಳಿಯ ಸೆಖೆಯಲ್ಲಿ ಬರೀ ನೀರು ಸಾಲದು. ಗಂಟೆಗೆ ಅರ್ಧ ಲೀಟರ್‌ಗಿಂತ ಕಡಿಮೆ ಆಗಬಾರದು.

ಕರಿಈಶಾಡು (ಅಂಕೋಲಾ)

ಮಾತು ಬೇರೆ ಕಡೆ ಹೋಯಿತು, ಆದರೂ ಒಂದು ವಿಷಯ ಹೇಳಿಯೇ ಮುಗಿಸುತ್ತೇನೆ.

ಹೆದ್ದಾರಿಯಲ್ಲಿ ಸೈಕಲ್ ಹೊಡೆಯುವವರು ಅಂದರೆ ಹೆಲ್ಮೆಟ್ ಹಾಕಿದ ನಾವು ಮಾತ್ರ ಅಲ್ಲ. ಕೂಲಿಗೆ ಹೋಗುವವರು, ಹಾಲು ಒಯ್ಯುವವರು, ಶಾಲೆ ಮಕ್ಕಳು. 2006-07ರಲ್ಲಿ ನಮ್ಮ ಸರ್ಕಾರವೇ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಎಷ್ಟೋ ಹೆಣ್ಣುಮಕ್ಕಳು ಅದರಿಂದಲೇ ಹೈಸ್ಕೂಲು ಮುಗಿಸಿದರು. ಆ ಸೈಕಲ್ ಹೋಗುವ ರಸ್ತೆ ನಾಲ್ಕು ಪಥ ಆಯಿತು, ಆದರೆ ಊರು ಊರು ಜೋಡಿಸುವ ಪಕ್ಕದ ರಸ್ತೆ ತುಂಡು ತುಂಡಾಗಿ ಉಳಿಯಿತು. ರಸ್ತೆಯ ಆಚೆ ಬದಿಯ ಶಾಲೆಗೆ ಹೋಗಲು ಮಗು ತಪ್ಪು ಬದಿಯಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತದೆ. ನಮ್ಮ ಹವ್ಯಾಸಕ್ಕೆ ಪ್ರತ್ಯೇಕ ದಾರಿ ಕೊಡಿ ಅಂತ ನಾನು ಕೇಳುವುದಿಲ್ಲ. ಪಕ್ಕದ ರಸ್ತೆ ಪೂರ್ತಿ ಮಾಡಿ ಅಂತ ಕೇಳುತ್ತೇನೆ. ಗ್ರಾಮಸಭೆಯಲ್ಲಿ ಸೈಕಲ್ಲಿನವರು ಎದ್ದು ನಿಂತು ಕೇಳಬೇಕು. ನಾವು ಕೇಳದಿದ್ದರೆ ಕಾರಿನವರು ಕೇಳುತ್ತಾರಾ?

ಮೋಟಾರು (ಭಟ್ಕಳ)

ಕಾರು ಇರುವ ನಾನೂ ಕೇಳುತ್ತೇನೆ. ಭಟ್ಕಳದಲ್ಲೂ ಇದೇ ಗೋಳು. ಸೈಕಲ್ಲಿನವರು ಪಕ್ಕದ ರಸ್ತೆಗೆ ಹೋದರೆ ನಮಗೂ ನೆಮ್ಮದಿ.

ಹಳೇಅಟ್ಲಾಸ್ (ಕುಮಟಾ)

ಇದಕ್ಕೊಂದು ಅರ್ಜಿ ಬರೆಯಿರಿ. ಸಹಿ ಮೊದಲು ನನ್ನದು.

ಕಾಳಿದಂಡೆ (ಕಾರವಾರ)

ಎಲ್ಲರ ಮಾತು ಓದಿ ಹೀಗೆ ನಿರ್ಧಾರ ಮಾಡಿದ್ದೇನೆ.

ಎರಡು ದಿನ. ವಾರದ ನಡುವೆ. ಮೊದಲ ದಿನ ನಸುಕಿಗೆ ಹೊರಟು ಬಿಣಗಾ ಹಳೆಯ ರಸ್ತೆ, ಅಂಕೋಲಾ, ಮಾದನಗೇರಿ, ಗೋಕರ್ಣ. ಬಿಸಿಲು ಏರುವ ಮುಂಚೆ ಹೆದ್ದಾರಿ ಮುಗಿಯಬೇಕು. ಎರಡನೇ ದಿನ ತದಡಿಯ ದೋಣಿ, ಕುಮಟಾ, ಕತಗಾಲ, ದೇವಿಮನೆ. ಅದು 75 ಕಿಲೋಮೀಟರ್ ಆಗಬಹುದು, ಆದರೆ ಇಡೀ ಹಗಲು ಇದೆ. ವಾಪಸ್ ಬರುವುದು ಭಟ್ಟರ ದಾರಿಯಲ್ಲಿ, ಯಲ್ಲಾಪುರ ಮೇಲೆ.

ಯಲ್ಲಾಪುರದ ಭಟ್ಟ

ಹಾಗಾದರೆ ನಮ್ಮ ಮನೆಗೆ ಬಂದು ಕಷಾಯ ಕುಡಿದೇ ಹೋಗಬೇಕು. ಅರಬೈಲ್ ಇಳಿಯುವಾಗ ಚೈನುಗ್ರೀಸು ಹೇಳಿದ ಬ್ರೇಕಿನ ಮಾತು ನೆನಪಿರಲಿ.

ಘಟ್ಟದಮೇಲೆ (ಶಿರಸಿ)

ನಾನು ರಾಗಿಹೊಸಳ್ಳಿಗೆ ಎದುರು ಬರುತ್ತೇನೆ. ಅಲ್ಲಿಂದ ಒಟ್ಟಿಗೆ ಹೊಡೆಯೋಣ.

ಕೋಡಿಬಾಗದವಳು

ಮೊದಲ ದಿನ ಅಂಕೋಲೆಯವರೆಗೆ ನಾನೂ ಬರುತ್ತೇನೆ, ವಾಪಸ್ ರೈಲು ಹಿಡಿಯುತ್ತೇನೆ. ಸೈಕಲ್ ಬುಕ್ ಮಾಡುವ ವಿಷಯ ಸ್ಟೇಷನ್‌ನಲ್ಲಿ ಕೇಳಿಟ್ಟುಕೊಂಡು ಇಲ್ಲಿ ಬರೆಯುತ್ತೇನೆ.

ಚೈನುಗ್ರೀಸು (ಹೊನ್ನಾವರ)

ಕಾಳಿದಂಡೆಯವರೇ, ನಿಮ್ಮ ಟ್ಯೂಬಿನ ವಾಲ್ವ್ ಯಾವುದು? ಸಪೂರದ್ದಾ, ಬೈಕಿನ ಥರ ದಪ್ಪದ್ದಾ? ಸಪೂರ ಆದರೆ ದಾರಿಯ ಪಂಕ್ಚರ್ ಅಂಗಡಿಯ ಪಂಪು ಕೂರುವುದಿಲ್ಲ. ಅಡಾಪ್ಟರ್ ಒಂದು ಜೇಬಿನಲ್ಲಿರಬೇಕು.

ಕಾಳಿದಂಡೆ (ಕಾರವಾರ)

ದಪ್ಪದ್ದೇ. ಸೀಟಿನ ಕಂಬ ಇವತ್ತು ತೆಗೆದೆ, ಸ್ವಲ್ಪ ಬಡಿಯಬೇಕಾಯಿತು, ಆದರೆ ಬಂತು. ಬಿಳಿ ಪುಡಿ ನೀವು ಹೇಳಿದ ಹಾಗೇ ಇತ್ತು.

ಚೈನುಗ್ರೀಸು (ಹೊನ್ನಾವರ)

ಒಳ್ಳೆಯದಾಯಿತು. ಎರಡು ಟ್ಯೂಬ್, ಟಯರ್ ಲಿವರ್, ಕೈ ಪಂಪು, ಚೈನ್ ಕೂಡಿಸುವ ಕೊಂಡಿ ಇಟ್ಟುಕೊಳ್ಳಿ. ಕೊಂಡಿ ಎಂಟು ಗೇರಿನದೇ ಆಗಬೇಕು, ಬೇರೆ ಅಳತೆಯದು ಕೂರುವುದಿಲ್ಲ.